ಟೇಬಲ್ ಸಾ ಇಲ್ಲದೆ ಡ್ರಾಯರ್ ಮಾಡುವುದು ಹೇಗೆ? ಮೊದಲನೆಯದು ಅರ್ಧಕ್ಕೇ ನಿಲ್ಲುತ್ತಿದೆ

ಪ್ರಶ್ನೆ (ಚಿಂಚವಡ, ಪುಣೆ)

ನಮಸ್ಕಾರ. ಬಾಲ್ಕನಿಯಲ್ಲೇ ನನ್ನ ಮರಗೆಲಸ. ಡ್ರಿಲ್, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ, ಒಂದು ಮೂಲೆಮಟ್ಟ, ನಾಲ್ಕು ಕ್ಲ್ಯಾಂಪ್, ಇಷ್ಟೇ ಇರುವುದು. ಮಗಳ ಓದುವ ಮೇಜಿಗೆ ಮೂರು ಡ್ರಾಯರ್ ಬೇಕು. ಗೂಡಿನ ಒಳ ಅಗಲ 400 ಮಿ.ಮೀ., ಆಳ 450. 12 ಮಿ.ಮೀ. ಪ್ಲೈವುಡ್‌ನಲ್ಲಿ ಮೊದಲನೆಯದನ್ನು ಮಾಡಿ ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಜಾರಲು ಎರಡೂ ಪಕ್ಕಕ್ಕೆ ಹಾಕುವ ಲೋಹದ ಪಟ್ಟಿ) ಹಾಕಿದೆ. ಅರ್ಧ ಒಳಗೆ ಹೋಗಿ ಬಿಗಿಯಾಗಿ ನಿಂತುಬಿಡುತ್ತದೆ. ಪೆಟ್ಟಿಗೆಯ ಹೊರ ಅಗಲ 378 ಇದೆ. ಇದನ್ನೇ ಸರಿ ಮಾಡಬಹುದಾ? ಮೂಲೆಗಳಿಗೆ ಡವ್‌ಟೇಲ್ ಜೋಡಣೆ (ಹಲ್ಲಿನ ಹಾಗೆ ಕತ್ತರಿಸಿ ಒಂದಕ್ಕೊಂದು ಕೂರಿಸುವುದು) ಕಲಿಯಲೇಬೇಕಾ?

ಉತ್ತರ (ಡೋಂಬಿವಲಿ)

ಸರ್, ತೊಂದರೆ ಆ 378ರಲ್ಲೇ ಇದೆ. ಸಾಮಾನ್ಯ ಬಾಲ್ ಬೇರಿಂಗ್ ಚಾನೆಲ್‌ಗೆ ಒಂದೊಂದು ಬದಿಗೂ ಅರ್ಧ ಇಂಚು, ಅಂದರೆ 12.7 ಮಿ.ಮೀ. ಜಾಗ ಬೇಕು. ನೀವು ಬಿಟ್ಟಿರುವುದು ಬರೀ 11. ಗೂಡಿನ ಅಗಲದಲ್ಲಿ 26 ಕಳೆಯಿರಿ, ಪೆಟ್ಟಿಗೆ 374 ಇರಲಿ. ಒಂದೆರಡು ಮಿ.ಮೀ. ಕಮ್ಮಿ ಆದರೂ ಚಿಂತೆಯಿಲ್ಲ, ಚಾನೆಲ್ ಹಿಂದೆ ಸನ್ಮೈಕಾ ತುಂಡು ಇಟ್ಟು ಸರಿ ಮಾಡಬಹುದು. ಜಾಸ್ತಿ ಆದರೆ ಮಾತ್ರ ಕತ್ತರಿಸದೆ ದಾರಿ ಇಲ್ಲ. ಅಂಟು ಹಾಕಿಲ್ಲವಾದರೆ ಬಿಚ್ಚಿ, ಮುಂದಿನ ಹಿಂದಿನ ತುಂಡುಗಳನ್ನೂ ತಳವನ್ನೂ 4 ಮಿ.ಮೀ. ಕತ್ತರಿಸಿ. ಹಾಕಿದ್ದರೆ ಹೊಸದು ಮಾಡುವುದೇ ಸುಲಭ.

ಡವ್‌ಟೇಲ್ ಚಂದವಾದ ಕೆಲಸ, ಖಂಡಿತ ಕಲಿಯಿರಿ, ಆದರೆ ಪ್ಲೈವುಡ್ ಪೆಟ್ಟಿಗೆಗೆ ಅದು ಬೇಕಾಗಿಲ್ಲ. ಎರಡು ಪಕ್ಕದ ಹಲಗೆಗಳು ಪೂರ್ತಿ ಉದ್ದ ಇರಲಿ, ಮುಂದಿನದೂ ಹಿಂದಿನದೂ ಅವುಗಳ ನಡುವೆ ಕೂರಲಿ, ಸ್ಕ್ರೂ ಪಕ್ಕದಿಂದ ಒಳಗೆ ಹೋಗಲಿ. ಹೀಗೆ ಮಾಡಿದರೆ ಡ್ರಾಯರ್ ಎಳೆಯುವಾಗ ಎಳೆತ ಸ್ಕ್ರೂಗೆ ಅಡ್ಡವಾಗಿ ಬೀಳುತ್ತದೆ, ಸ್ಕ್ರೂ ಕಿತ್ತು ಬರುವುದಿಲ್ಲ. ಪ್ಲೈವುಡ್ ಅಂಚಿನಲ್ಲಿ ಮೊದಲು ಸಣ್ಣ ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಪದರ ಬಿಚ್ಚಿಕೊಳ್ಳುತ್ತದೆ. ನಿಮ್ಮ ಲೆಕ್ಕಕ್ಕೆ ನಡುವಿನ ತುಂಡು 374ರಲ್ಲಿ 24 ಕಳೆದು 350. ಆದರೆ 12 ಅಂತ ಕೊಟ್ಟ ಪ್ಲೈವುಡ್ ಎಷ್ಟೋ ಸಲ ಪೂರ್ತಿ 12 ಇರುವುದಿಲ್ಲ. ಎರಡು ತುಂಡು ಒಟ್ಟಿಗೆ ಇಟ್ಟು ಅಳೆದು ಆ ಅಳತೆಯನ್ನೇ ಕಳೆಯಿರಿ.

ತಳಕ್ಕೆ 6 ಮಿ.ಮೀ. ಪ್ಲೈ ಸಾಕು. ಗಾಡಿ ಕೊರೆಯುವ ರೌಟರ್ ಯಂತ್ರ ಇಲ್ಲ ಅಲ್ವಾ, ತಳ ಕೂರಿಸಲು ಸುಮ್ನೆ ಗ್ರೂವ್ (ಗಾಡಿ) ಹೊಡೆಯಲು ಒದ್ದಾಡಬೇಡಿ. ತಳವನ್ನು ನಾಲ್ಕೂ ಮೂಲೆ ಪಕ್ಕಾ 90 ಡಿಗ್ರಿ ಬರುವಂತೆ ಕತ್ತರಿಸಿ, ಅಂಟು ಹಚ್ಚಿ ಕೆಳಗಿನಿಂದ ಪ್ರತಿ 80-100 ಮಿ.ಮೀ.ಗೆ ಒಂದರಂತೆ ಮುಕ್ಕಾಲು ಇಂಚಿನ ಸಣ್ಣ ಸ್ಕ್ರೂ ಹಾಕಿ. ಪೆಟ್ಟಿಗೆಯ ಅಂಚನ್ನು ತಳದ ಅಂಚಿಗೆ ಸರಿಯಾಗಿ ಹೊಂದಿಸಿದರೆ ಪೆಟ್ಟಿಗೆಯ ಮೂಲೆಗಳೂ ತಾವೇ 90 ಡಿಗ್ರಿಗೆ ಬರುತ್ತವೆ. ಅಂಟು ಒಣಗುವ ಮುಂಚೆ ಎರಡೂ ಕರ್ಣ ಅಳೆಯಿರಿ. ಸಮ ಬರದಿದ್ದರೆ ಉದ್ದ ಇರುವ ಕರ್ಣದ ಮೂಲೆಗಳನ್ನು ಕ್ಲ್ಯಾಂಪ್‌ನಿಂದ ಮೆಲ್ಲಗೆ ಒತ್ತಿ.

ಗೂಡಿನಲ್ಲಿ ಚಾನೆಲ್ ಕೂರಿಸಲು ಟೇಪ್ ಹಿಡಿಯಬೇಡಿ, ದಯವಿಟ್ಟು. ಒಂದು ಹಲಗೆ ತುಂಡನ್ನು ಮೇಲಿನ ಚಾನೆಲ್‌ನ ಎತ್ತರಕ್ಕೆ ಕತ್ತರಿಸಿ, ಅದರ ಮೇಲೆ ಚಾನೆಲ್ ಇಟ್ಟು ಎಡಕ್ಕೂ ಬಲಕ್ಕೂ ಸ್ಕ್ರೂ ಮಾಡಿ. ಅದನ್ನೇ ಗಿಡ್ಡ ಮಾಡಿ ನಡುವಿನದಕ್ಕೆ, ಮತ್ತೆ ಕತ್ತರಿಸಿ ಕೆಳಗಿನದಕ್ಕೆ. ಎರಡೂ ಬದಿ ಒಂದೇ ಎತ್ತರಕ್ಕೆ ಬರುವುದು ಇದರಿಂದಲೇ. 450 ಆಳಕ್ಕೆ 16 ಇಂಚಿನ ಚಾನೆಲ್ ಸರಿ, ಪಕ್ಕದ ಹಲಗೆ 400 ಇಡಿ.

ಉತ್ತರ (ವಾಸ್ಕೋ, ಗೋವಾ)

ಮಳೆಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಂಕೋಲೆಯ ತವರಿನಿಂದ ತಂದ ಹಲಸಿನ ಮೇಜಿನ ಡ್ರಾಯರ್ ಇಲ್ಲಿ ಜುಲೈನಲ್ಲಿ ತೆಗೆಯಲು ಬರುತ್ತಿರಲಿಲ್ಲ. ನಾನು ಅಂಚು ಕೀಸಿಬಿಟ್ಟೆ, ಜನವರಿಯಲ್ಲಿ ಅದು ಲೊಡಲೊಡ ಅನ್ನತೊಡಗಿತು, ಈಗಲೂ ಬೇಜಾರಾಗುತ್ತದೆ. ಗಟ್ಟಿ ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಅಂದರೆ ಪಕ್ಕದ ಹಲಗೆಯ ಎತ್ತರ ಬೆಳೆಯುತ್ತದೆ. ಮಳೆಗಾಲದಲ್ಲಿ ಕೀಸಬೇಡಿ. ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿ, ಬೇಸಿಗೆ ತನಕ ತಡೆಯಿರಿ. ಪ್ಲೈವುಡ್‌ಗೆ ಈ ತೊಂದರೆ ಬಹಳ ಕಮ್ಮಿ, ಆದರೂ ಬಾಲ್ಕನಿ ಹತ್ತಿರ ಇಡುವುದಾದರೆ ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಾಳುವ) ದರ್ಜೆಯದು ತೆಗೆದುಕೊಳ್ಳಿ, ಅಂಟೂ ನೀರು ತಡೆಯುವಂಥದ್ದಿರಲಿ.

ಪ್ರಶ್ನೆ ಕೇಳಿದವರು (ಚಿಂಚವಡ)

ಅಣ್ಣಾ, ಅಕ್ಕಾ, ಇಬ್ಬರಿಗೂ ತುಂಬಾ ಧನ್ಯವಾದ. ಅಂಟು ಹಾಕಿರಲಿಲ್ಲ, ಪುಣ್ಯ. ಬಿಚ್ಚಿ ಕತ್ತರಿಸಿ ಮತ್ತೆ ಕೂಡಿಸಿದೆ. ಕರ್ಣ ಒಂದು 547, ಇನ್ನೊಂದು 548. ಒಂದೇ ಬೆರಳಲ್ಲಿ ತಳ್ಳಿದರೆ ಕೊನೆ ತನಕ ಹೋಗುತ್ತದೆ. ಪೆಟ್ಟಿಗೆಯ ಮುಂದೆ ಹೊರಗೆ ಕಾಣುವ ಹಲಗೆ ಇನ್ನೂ ಹಾಕಿಲ್ಲ. ಮೂರಕ್ಕೂ ನಡುವಿನ ಸಂದು ಒಂದೇ ಥರ ಬರಬೇಕು, ಅದಕ್ಕೇನಾದರೂ ಉಪಾಯ ಇದೆಯಾ?

ಉತ್ತರ (ಡೋಂಬಿವಲಿ)

ಇದೆ. ಕೆಳಗಿನದರಿಂದ ಶುರು ಮಾಡಿ. 1 ಮಿ.ಮೀ. ಸನ್ಮೈಕಾದ ಎರಡು ಚೂರು ಜೋಡಿಸಿ ಸಂದಿಗೆ ಇಡಿ, ಎರಡೂ ಕಡೆ ಅಂಟುವ ಟೇಪ್ ಹಚ್ಚಿ ಹಲಗೆ ಒತ್ತಿ, ಆಮೇಲೆ ಮೆಲ್ಲಗೆ ಡ್ರಾಯರ್ ಹೊರಗೆಳೆದು ಒಳಗಿನಿಂದ ಸ್ಕ್ರೂ ಹಾಕಿ. ಅದರ ಮೇಲೆ ಅದೇ ಚೂರು ಇಟ್ಟು ಮುಂದಿನದು. ಮುಗಿದ ಮೇಲೆ ಫೋಟೋ ಹಾಕಿ.