ಕಲ್ಲಿದ್ದಲೂ ಕಿಟ್ಟಣ್ಣನ ಸೀನೂ

ಅಡಿಕೆಯ ಹಿಂಗಾರ ಒಡೆಯುವ ದಿನಗಳಲ್ಲಿ ಬದಿಯಡ್ಕದ ನಮ್ಮ ಜಗಲಿಗೆ ಬಂದು ಕುಳಿತೊಡನೆ ಕಿಟ್ಟಣ್ಣನು ಏಳು ಸೀನು ಸೀನುವುದು ವಾಡಿಕೆ. ಮೊನ್ನೆಯೂ ಲೆಕ್ಕ ತಪ್ಪಲಿಲ್ಲ. "ಕಾಯಿ ಕಚ್ಚಿತೆಂದರೆ ಪರಾಗದ ಕೆಲಸ ಮುಗಿಯಿತಲ್ಲ, ಆಮೇಲೂ ಅದು ನನ್ನ ಮೂಗಿಗೇಕೆ ಬರಬೇಕು?" ಎಂದು ಅವನು ಗೊಣಗಿದ.

"ಎಲ್ಲಿ ಮುಗಿಯುತ್ತದೆ ಮಾರಾಯ? ಬಂಗಾಳದ ರಾಣಿಗಂಜಿನ ಕಲ್ಲಿದ್ದಲಿನೊಳಗೆ 25 ಕೋಟಿ ವರ್ಷಗಳಿಗೂ ಹಿಂದಿನ ಪರಾಗ ಇನ್ನೂ ಕೂತಿದೆ" ಎಂದರು ವಿಜ್ಞಾನ ಕಲಿಸಿ ನಿವೃತ್ತರಾದ ಮಾಷ್ಟ್ರು.

ಭಟ್ಟರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. "ಮರವೇ ಗುರುತು ಸಿಗದಂತೆ ಕರಿಯಾದ ಮೇಲೆ ಹುಡಿ ಉಳಿಯಿತೆಂದರೆ ನಂಬುವುದು ಹೇಗೆ?"

ಪರಾಗದ ಹೊರಗೋಡೆಯಲ್ಲಿರುವ ಸ್ಪೋರೊಪೊಲೆನಿನ್ ಎಂಬ ವಸ್ತುವಿನ ಗಟ್ಟಿತನವನ್ನು ಮಾಷ್ಟ್ರು ವರ್ಣಿಸಿದರು: ಕಲ್ಲಿದ್ದಲನ್ನು ನುಚ್ಚಾಗಿ ಕುಟ್ಟಿ, ಅದರಲ್ಲಿನ ಮರಳು ಮಣ್ಣನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಉಳಿದುದನ್ನು ನೈಟ್ರಿಕ್ ಆಮ್ಲದಲ್ಲಿ ನೆನೆಹಾಕಿ, ಕೊನೆಗೆ ಕ್ಷಾರದಲ್ಲಿ ತೊಳೆದು ಕಪ್ಪು ಬಸಿದುಹೋದ ಮೇಲೂ ತಳದಲ್ಲಿ ನಿಲ್ಲುವ ಹಳದಿ ಕಣಗಳೇ ಅವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಗೆರೆಗೆರೆಯಾದ ಒಡಲು, ಅಕ್ಕಪಕ್ಕದಲ್ಲಿ ಎರಡು ಗಾಳಿಚೀಲಗಳು.

"ಔತಣ ಮುಗಿಸಿ ಮರಳುವ ಭಟ್ಟರ ಹಾಗೆ" ಎಂದ ಕಿಟ್ಟಣ್ಣ. ಭಟ್ಟರು ಇದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಳ್ಳದಂತಿದ್ದರು.

ಇಂಥ ಪರಾಗ ಬಿಟ್ಟದ್ದು ನಾಲಗೆಯಾಕಾರದ ಎಲೆಯ ಗ್ಲಾಸಾಪ್ಟೆರಿಸ್ ಮರಗಳು. ಆಗ ಭಾರತವು ಆಫ್ರಿಕ, ಅಂಟಾರ್ಕ್ಟಿಕಗಳೊಡನೆ ಒಂದೇ ನೆಲವಾಗಿತ್ತು. ಹೂಬಿಡುವ ಗಿಡಗಳು ಹುಟ್ಟಿರಲಿಲ್ಲ.

"ಹೂವಿಲ್ಲದೆ ಪರಾಗವೇ?"

"ಬೀಜ ಕಟ್ಟುವುದಕ್ಕೆ ಪರಾಗ ಬೇಕು ಭಟ್ಟರೇ, ಹೂವು ಆಮೇಲಿನ ಶೋಕಿ."

ಜರಿಗಿಡಗಳ ಬೀಜಕಣಗಳು ಹೆಚ್ಚಿರುವ ಪದರವು ತೇವದ ಜೌಗುನೆಲವನ್ನೂ, ಚೀಲದ ಪರಾಗ ಹೆಚ್ಚಿರುವ ಪದರವು ಸುತ್ತಲಿನ ಮರಗಾಡನ್ನೂ ಸೂಚಿಸುತ್ತದೆಯಂತೆ. ಇಲ್ಲಿ ನಾನೂ ಬಾಯಿ ಹಾಕಿದೆ. ಗಾಳಿಗೆ ಪರಾಗ ತೂರುವ ಮರವು ಅದನ್ನು ಮಿತಿಯಿಲ್ಲದೆ ಸುರಿಯುತ್ತದೆ, ಹುಳುಹುಪ್ಪಟೆಗಳನ್ನು ನಂಬಿದ ಗಿಡವು ಕೈ ಬಿಗಿಹಿಡಿಯುತ್ತದೆ. ಹಾಗಿರುವಾಗ ಕಣಗಳನ್ನೆಣಿಸಿ ಕಾಡಿನ ಮರಗಳನ್ನು ಲೆಕ್ಕ ಹಾಕುವುದೆಂದರೆ, ಗದ್ದಲವನ್ನು ಕೇಳಿ ಪಂಚಾಯತು ಸಭೆಯ ಹಾಜರಿ ಬರೆದಂತಲ್ಲವೇ? ಮಾಷ್ಟ್ರು ಒಪ್ಪಿದರು: "ಅದಕ್ಕೇ ಬರಿಯ ಎಣಿಕೆ ಸಾಲದು, ಅದೇ ಪದರದ ಎಲೆಯ ಅಚ್ಚುಗಳನ್ನೂ ಜೊತೆಗಿಟ್ಟು ನೋಡುತ್ತಾರೆ."

ಅಷ್ಟರಲ್ಲಿ ಎಂಟನೆಯ ಸೀನು ಬಂತು. ಕಿಟ್ಟಣ್ಣನು ಕರವಸ್ತ್ರವನ್ನು ಅಂಗಳದಾಚೆಯ ಕೆಸರಿನ ಕಡೆಗೆ ಕೊಡವಲು ಎದ್ದಾಗ ಭಟ್ಟರು ಗಾಬರಿಯಿಂದ ತಡೆದರು: "ಬೇಡ ಮಾರಾಯ! ಮುಂದೆ ಯಾರಾದರೂ ಅಗೆದು ಎಣಿಸಿದರೆ, ಈ ಊರಿನಲ್ಲಿ ಅಡಿಕೆಯಲ್ಲದೆ ಬೇರೇನೂ ಬೆಳೆದಿರಲಿಲ್ಲವೆಂದು ಬರೆದಾರು. ನನ್ನ ಹಲಸಿನ ಮರಗಳ ಗತಿಯೇನು?"