ಡಿಬಿಎ ಪಾಲಿಗೆ ಟಾಮ್‌ಕ್ಯಾಟ್ ಬಂದಿದೆ: ಯಾವ ಲಾಗ್ ಅಳಿಸಬಹುದು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ (ಗಿಣಿಗೇರಾ, ಕೊಪ್ಪಳ ಜಿಲ್ಲೆ)

ನಾನು ಡಿಬಿಎ (ಡೇಟಾಬೇಸ್ ನಿರ್ವಾಹಕ). ನಮ್ಮ ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಒರಾಕಲ್ 19ಸಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಈಗ ವೇಬ್ರಿಡ್ಜ್ (ಲಾರಿ ತೂಕ ಮಾಡುವ ಕಡೆ) ಮತ್ತು ಸ್ಟೋರ್ಸ್ ಅಪ್ಲಿಕೇಶನ್ ಓಡುವ ಎರಡು ಟಾಮ್‌ಕ್ಯಾಟ್ 9 (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸಾಫ್ಟ್‌ವೇರ್) ಸರ್ವರ್‌ಗಳನ್ನೂ ನನಗೇ ವಹಿಸಿದ್ದಾರೆ. ಒಂದರಲ್ಲಿ 50 ಜಿಬಿ ಡಿಸ್ಕ್, ಟಾಮ್‌ಕ್ಯಾಟ್‌ನ ಲಾಗ್ (ನಡೆದದ್ದನ್ನು ಬರೆದಿಡುವ ಫೈಲ್) ಕ್ಯಾಟಲಿನಾ.ಔಟ್ ಒಂದೇ 31 ಜಿಬಿ ಇತ್ತು. ಫೈಲ್ ಅಳಿಸಿದ ಮೇಲೂ ಡಿಎಫ್ (ಇಡೀ ಡಿಸ್ಕ್‌ನ ಬಳಕೆ ತೋರಿಸುವ ಕಮಾಂಡ್) ಮೊದಲಿನಷ್ಟೇ ತೋರಿಸುತ್ತಿದೆ, ಡಿಯು (ಫೈಲುಗಳ ಗಾತ್ರ ಕೂಡಿಸುವ ಕಮಾಂಡ್) ಮಾತ್ರ ಕಡಿಮೆ ತೋರಿಸುತ್ತದೆ. ಟಾಮ್‌ಕ್ಯಾಟ್ ನಿಲ್ಲಿಸಿದರೆ ಗೇಟಿನಲ್ಲಿ ತೂಕದ ಚೀಟಿ ಬರಲ್ಲ, ಲಾರಿಗಳು ರಸ್ತೆವರೆಗೆ ಸಾಲುಗಟ್ಟುತ್ತವೆ. ನಿಲ್ಲಿಸದೆ ಜಾಗ ಬಿಡಿಸುವುದು ಹೇಗೆ? ಡೇಟಾಬೇಸ್ ಲಾಗ್‌ಗಳನ್ನೂ ಇದೇ ಸ್ಕ್ರಿಪ್ಟ್‌ನಲ್ಲಿ ಸೇರಿಸಬಹುದೇ?

ಉತ್ತರ 1 (ಬಳ್ಳಾರಿ)

ಫೈಲಿನ ಹೆಸರು ಹೋಗಿದೆ, ಆದರೆ ಜಾವಾ ಪ್ರೊಸೆಸ್ ಅದನ್ನು ಇನ್ನೂ ತೆರೆದು ಹಿಡಿದಿದೆ ಸರ್. ಹಿಡಿತ ಬಿಡುವವರೆಗೂ ಲಿನಕ್ಸ್ ಆ ಜಾಗ ವಾಪಸ್ ಕೊಡಲ್ಲ. ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿ, ತೆರೆದ ಫೈಲುಗಳನ್ನು ತೋರಿಸುವ ‘ಎಲ್‌ಎಸ್‌ಓಎಫ್ +ಎಲ್1’ ಕೊಡ್ರಿ. ‘ಡಿಲೀಟೆಡ್’ ಎಂದಿರುವ ಸಾಲಿನಲ್ಲಿ ಪಿಐಡಿ (ಪ್ರೊಸೆಸ್‌ನ ಸಂಖ್ಯೆ) ಮತ್ತು ಎಫ್‌ಡಿ (ಅದು ತೆರೆದ ಫೈಲಿನ ಸಂಖ್ಯೆ) ಸಿಗುತ್ತವೆ, ಕ್ಯಾಟಲಿನಾ.ಔಟ್ ಆದರೆ ಸಾಮಾನ್ಯವಾಗಿ ಎಫ್‌ಡಿ 1. ಪ್ರಾಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ ಕೆಳಗೆ ಎಫ್‌ಡಿ ಒಳಗಿರುವ 1ಕ್ಕೆ ‘ಟ್ರಂಕೇಟ್ -ಎಸ್ 0’ (ಫೈಲನ್ನು ಖಾಲಿ ಮಾಡುವ ಕಮಾಂಡ್) ಮಾಡ್ರಿ. ತಕ್ಷಣ ಜಾಗ ಬರುತ್ತದೆ, ಟಾಮ್‌ಕ್ಯಾಟ್ ನಿಲ್ಲಲ್ಲ. ಆದರೆ ಹೊಸ ಸಾಲುಗಳೂ ಆ ಹೆಸರಿಲ್ಲದ ಫೈಲಿಗೇ ಬೀಳುತ್ತಿರುತ್ತವೆ. ಹಾಗಾಗಿ ಲಾರಿ ಕಡಿಮೆ ಇರುವ ಹೊತ್ತು ನೋಡಿ ಒಂದು ರೀಸ್ಟಾರ್ಟ್ ಇಟ್ಟುಕೊಳ್ಳಲೇಬೇಕು. ಮುಂದೆ ಎಂದೂ ‘ಆರ್‌ಎಂ’ (ಫೈಲ್ ಅಳಿಸುವ ಕಮಾಂಡ್) ಬೇಡ, ಟ್ರಂಕೇಟ್ ಮಾತ್ರ.

ಇನ್ನು ಲಾಗ್‌ರೊಟೇಟ್, ಅಂದರೆ ಹಳೆಯ ಲಾಗ್ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿಸುವ (‘ತಿರುಗಿಸುವ’) ಲಿನಕ್ಸ್ ಸಾಧನ. ಕ್ಯಾಟಲಿನಾ.ಔಟ್ ಅನ್ನು ಟಾಮ್‌ಕ್ಯಾಟ್ ತಾನಾಗಿ ತಿರುಗಿಸಲ್ಲ, ಅದು ಬರೀ ಸ್ಟ್ಯಾಂಡರ್ಡ್ ಔಟ್‌ಪುಟ್ (ಪ್ರೋಗ್ರಾಂ ಪರದೆಗೆ ಬರೆಯುವ ಸಾಲುಗಳು). ಲಾಗ್‌ರೊಟೇಟ್‌ನ ಕಾನ್ಫಿಗ್ ಫೈಲಿನಲ್ಲಿ ಡೈಲಿ, ಮ್ಯಾಕ್ಸ್‌ಸೈಜ್ 500ಎಂ, ರೊಟೇಟ್ 20, ಕಾಪಿಟ್ರಂಕೇಟ್, ಕಂಪ್ರೆಸ್, ಮಿಸಿಂಗ್ಓಕೆ ಇಷ್ಟು ಸಾಕು. ಮೂರು ಕಡೆ ಜನ ಎಡವುತ್ತಾರೆ. ‘ಸೈಜ್’ ಬರೆದರೆ ‘ಡೈಲಿ’ ಲೆಕ್ಕಕ್ಕಿಲ್ಲ. ಎರಡೂ ಬೇಕಾದರೆ ಮ್ಯಾಕ್ಸ್‌ಸೈಜ್ ಬರೀಬೇಕು. ಲಾಗ್‌ರೊಟೇಟ್ ಓಡುವುದೇ ದಿನಕ್ಕೊಮ್ಮೆ, ಆದ್ದರಿಂದ 500 ಎಂಬಿ ಮಿತಿ ಕೆಲಸ ಮಾಡಬೇಕಾದರೆ ಈ ಕಾನ್ಫಿಗ್ ಫೈಲನ್ನು ಪ್ರತ್ಯೇಕ ಸ್ಟೇಟ್ ಫೈಲ್ (ಕೊನೆಗೆ ತಿರುಗಿಸಿದ್ದು ಯಾವಾಗ ಎಂಬ ದಾಖಲೆ) ಕೊಟ್ಟು ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಗಂಟೆಗೊಮ್ಮೆ ಓಡಿಸ್ರಿ. ಕಾನ್ಫಿಗ್ ಅನ್ನು ಲಾಗ್‌ರೊಟೇಟ್.ಡಿ ಡೈರೆಕ್ಟರಿಯ ಹೊರಗೇ ಇಡ್ರಿ. ಒಳಗಿದ್ದರೆ ರೆಡ್ ಹ್ಯಾಟ್ ಮಾದರಿಯ ಸಿಸ್ಟಂಗಳಲ್ಲಿ ಡೇಟ್ಎಕ್ಸ್ಟ್ (ಹಳೆಯ ಫೈಲಿನ ಹೆಸರಿಗೆ ದಿನಾಂಕ ಸೇರಿಸುವ ಆಯ್ಕೆ) ತಾನಾಗಿ ಅಂಟಿಕೊಳ್ಳುತ್ತದೆ, ಒಂದೇ ದಿನ ಎರಡನೇ ಸಲ ತಿರುಗಿಸಲು ಹೋದಾಗ ‘ಆ ಹೆಸರಿನ ಫೈಲ್ ಆಗಲೇ ಇದೆ’ ಎಂದು ಬಿಟ್ಟುಬಿಡುತ್ತದೆ.

ಕಾಪಿಟ್ರಂಕೇಟ್ ಮೊದಲು ಪೂರ್ತಿ ನಕಲು ಮಾಡುತ್ತದೆ, ಅಂದರೆ ಫೈಲಿನಷ್ಟೇ ಖಾಲಿ ಜಾಗ ಬೇಕು. 50 ಜಿಬಿ ಡಿಸ್ಕ್‌ನಲ್ಲಿ 31 ಜಿಬಿ ಫೈಲಿಗೆ ಅದು ಆಗದ ಮಾತು. ನಕಲು ಮುಗಿದು ಖಾಲಿ ಮಾಡುವ ನಡುವೆ ಕೆಲವು ಸಾಲು ಕಳೆದೂ ಹೋಗಬಹುದು. ನಿಜವಾದ ಪರಿಹಾರ ಬೇರೆ: ಅಪ್ಲಿಕೇಶನ್ ತಂಡಕ್ಕೆ ಹೇಳಿ ಲಾಗ್4ಜೆಯ (ಜಾವಾದ ಲಾಗ್ ಬರೆಯುವ ಲೈಬ್ರರಿ) ಕನ್ಸೋಲ್ ಅಪೆಂಡರ್ ತೆಗೆಸಿ, ತಾನೇ ಫೈಲ್ ತಿರುಗಿಸುವ ರೋಲಿಂಗ್ ಫೈಲ್ ಅಪೆಂಡರ್ ಹಾಕಿಸ್ರಿ. 31 ಜಿಬಿ ಆಗಿದೆ ಅಂದರೆ ಪ್ರೊಡಕ್ಷನ್‌ನಲ್ಲಿ ಡೀಬಗ್ ಮಟ್ಟ (ಪ್ರತಿ ಸಣ್ಣ ವಿವರವನ್ನೂ ಬರೆಯುವುದು) ಹಾಗೇ ಉಳಿದಿರಬಹುದು, ಅದನ್ನೂ ನೋಡ್ರಿ.

ಉತ್ತರ 2 (ರಾಯಚೂರು)

ಒಂದೇ ಸ್ಕ್ರಿಪ್ಟ್ ಖಂಡಿತ ಬೇಡ. ಟಾಮ್‌ಕ್ಯಾಟ್ ಲಾಗ್ ಹೋದರೆ ಹಳೆಯ ಮಾಹಿತಿ ಹೋಗುತ್ತದೆ, ಅಷ್ಟೆ. ರೀಡೂ ಲಾಗ್ (ಡೇಟಾಬೇಸ್‌ನ ಪ್ರತಿ ಬದಲಾವಣೆಯ ದಾಖಲೆ) ಮತ್ತು ಆರ್ಕೈವ್ ಲಾಗ್ (ತುಂಬಿದ ರೀಡೂ ಲಾಗ್‌ನ ನಕಲು) ಹೋದರೆ ಡೇಟಾಬೇಸ್ ರಿಕವರಿಯೇ ಹೋಯಿತು. ‘30 ದಿನ ಹಳೆಯ .ಲಾಗ್ ಫೈಲ್ ಹುಡುಕಿ ಅಳಿಸು’ ಎಂಬ ಫೈಂಡ್ ಕಮಾಂಡ್ ಒರಾಕಲ್ ಡೈರೆಕ್ಟರಿಯಲ್ಲಿ ಓಡಲೇಬಾರದು. ಆನ್‌ಲೈನ್ ರೀಡೂ ಫೈಲುಗಳ ಹೆಸರೂ .ಲಾಗ್ ಎಂದೇ ಮುಗಿಯುತ್ತದೆ.

ಆರ್ಕೈವ್ ಲಾಗ್ ಅನ್ನು ಬ್ಯಾಕಪ್ ಆದ ಮೇಲೆ ಆರ್‌ಮ್ಯಾನ್‌ನಿಂದಲೇ (ಒರಾಕಲ್‌ನ ಬ್ಯಾಕಪ್ ಸಾಧನ) ಅಳಿಸಬೇಕು. ಯಾರೋ ಕೈಯಿಂದ ಅಳಿಸಿದ್ದರೆ ‘ಕ್ರಾಸ್‌ಚೆಕ್ ಆರ್ಕೈವ್‌ಲಾಗ್ ಆಲ್’ ಕೊಟ್ಟು, ತಕ್ಷಣ ಹೊಸ ಫುಲ್ ಬ್ಯಾಕಪ್ ತಗೊಳ್ರಿ. ಆರ್ಕೈವ್ ಜಾಗ ತುಂಬಿದರೆ ಓಆರ್‌ಎ-00257 ಎಂಬ ಒರಾಕಲ್ ದೋಷ ಬರುತ್ತದೆ, ವೇಬ್ರಿಡ್ಜ್‌ನವರಿಗೆ ಅದು ‘ಟಾಮ್‌ಕ್ಯಾಟ್ ಹ್ಯಾಂಗ್’ ಆದಂತೆ ಕಾಣುತ್ತದೆ. ಟ್ರೇಸ್ ಫೈಲುಗಳಿಗೆ (ದೋಷ ಹುಡುಕಲು ಒರಾಕಲ್ ಬರೆಯುವವು) ಒರಾಕಲ್‌ನದೇ ಎಡಿಆರ್‌ಸಿಐ ಸಾಧನದ ಪರ್ಜ್ ಕಮಾಂಡ್ ಇದೆ. ವಯಸ್ಸನ್ನು ನಿಮಿಷದಲ್ಲಿ ಕೊಡಬೇಕು, 7 ದಿನಕ್ಕೆ 10080. ಅದು ಪಠ್ಯರೂಪದ ಅಲರ್ಟ್ ಲಾಗ್ ಮತ್ತು ಲಿಸನರ್.ಲಾಗ್ ಅನ್ನು ಮುಟ್ಟುವುದಿಲ್ಲ, ಅವಕ್ಕೆ ಲಾಗ್‌ರೊಟೇಟ್ ಹಾಕಬಹುದು. ಒರಾಕಲ್ ಬದಲು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಅದರ ಬದಲಾವಣೆಯ ಲಾಗ್ ಇರುವ ಪಿಜಿ_ವಾಲ್ ಒಳಗೆ ಕೈ ಹಾಕಬೇಡ್ರಿ. ಅದು ಉಬ್ಬಿದ್ದರೆ ಯಾರೂ ಬಳಸದ ರೆಪ್ಲಿಕೇಶನ್ ಸ್ಲಾಟ್ (ನಕಲು ಸರ್ವರ್‌ಗಾಗಿ ಲಾಗ್ ಹಿಡಿದಿಡುವ ಗುರುತು) ಇದೆಯೇ ಮೊದಲು ನೋಡ್ರಿ.

ಪ್ರಶ್ನೆ ಕೇಳಿದವರು

ಟ್ರಂಕೇಟ್ ಮಾಡಿದೆ, ಜಾಗ ಬಂತು. ಧನ್ಯವಾದ ಸರ್. ಕನೆಕ್ಷನ್ ಪೂಲ್ (ಅಪ್ಲಿಕೇಶನ್ ತೆರೆದಿಟ್ಟುಕೊಳ್ಳುವ ಡೇಟಾಬೇಸ್ ಸಂಪರ್ಕಗಳು) ಮತ್ತು ರೀಸ್ಟಾರ್ಟ್ ಬಗ್ಗೆಯೂ ಹೇಳ್ರಿ. ಒರಾಕಲ್‌ನ ‘ಪ್ರೊಸೆಸಸ್’ ಮಿತಿ 300 ಇದೆ. ಲಾಗ್ ಎಷ್ಟು ದಿನ ಇಡಬೇಕು?

ಉತ್ತರ 3 (ಬಳ್ಳಾರಿ)

ಎರಡೂ ಟಾಮ್‌ಕ್ಯಾಟ್‌ಗಳ ಎಲ್ಲ ಪೂಲ್‌ಗಳ ಮ್ಯಾಕ್ಸ್‌ಟೋಟಲ್ (ಗರಿಷ್ಠ ಸಂಪರ್ಕ) ಕೂಡಿಸ್ರಿ. ಪ್ರತಿ ಸರ್ವರ್‌ನಲ್ಲಿ ಎರಡು ಅಪ್ಲಿಕೇಶನ್, ಒಂದೊಂದಕ್ಕೆ 80 ಅಂದರೆ ಆಗಲೇ 320. ಒರಾಕಲ್‌ನ ಬ್ಯಾಕ್‌ಗ್ರೌಂಡ್ ಪ್ರೊಸೆಸ್‌ಗಳು ಮತ್ತು ಆರ್‌ಮ್ಯಾನ್ ಬೇರೆ. ಪ್ರೊಸೆಸ್ ಮಿತಿ ಮೀರಿತು ಎಂಬ ಓಆರ್‌ಎ-00020 ದೋಷ ಬರುವುದು ಹೀಗೆಯೇ. ಪ್ರೊಸೆಸಸ್ ಏರಿಸುವುದಕ್ಕಿಂತ ಪೂಲ್ ಅನ್ನು 30ಕ್ಕೆ ಇಳಿಸಿ ನೋಡುವುದು ಒಳ್ಳೆಯದು.

ಹ್ಯಾಂಗ್ ಆದಾಗ ನೇರ ರೀಸ್ಟಾರ್ಟ್ ಮಾಡಬೇಡ್ರಿ, ಕಾರಣದ ಸುಳಿವೆಲ್ಲ ಅಳಿಸಿಹೋಗುತ್ತದೆ. ಜಾವಾದ ಜೆಸ್ಟ್ಯಾಕ್ ಕಮಾಂಡ್‌ನಿಂದ 10 ಸೆಕೆಂಡಿಗೊಂದರಂತೆ ಮೂರು ಥ್ರೆಡ್ ಡಂಪ್ (ಆ ಕ್ಷಣ ಪ್ರೋಗ್ರಾಂ ಎಲ್ಲಿ ನಿಂತಿದೆ ಎಂಬ ಚಿತ್ರಣ) ತೆಗೆದಿಟ್ಟು ಆಮೇಲೆ ಮಾಡ್ರಿ. ನಿಲ್ಲಿಸುವಾಗ ಟಾಮ್‌ಕ್ಯಾಟ್ ಮೊದಲು, ಒರಾಕಲ್ ನಂತರ, ಏಳಿಸುವಾಗ ಉಲ್ಟಾ. ಯುಪಿಎಸ್ ಬ್ಯಾಟರಿ ಇಳಿದಾಗ ಓಡುವ ಸ್ಕ್ರಿಪ್ಟ್‌ನಲ್ಲೂ ಇದೇ ಕ್ರಮ ಇರಲಿ, ‘ಶಟ್‌ಡೌನ್ ಇಮಿಡಿಯೇಟ್’ ಇರಲಿ. ‘ನಾರ್ಮಲ್’ ಕೊಟ್ಟರೆ ಪೂಲ್‌ನ ಕನೆಕ್ಷನ್‌ಗಳು ತಾವಾಗಿ ಬಿಡುವವರೆಗೂ ಕಾಯುತ್ತದೆ, ಅಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ.

ದಿನದ ಲೆಕ್ಕಕ್ಕೆ ಸಿಇಆರ್‌ಟಿ-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನ ಇದೆ: ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ವ್ಯವಸ್ಥೆಗಳ ಲಾಗ್ 180 ದಿನ ಇರಬೇಕು, ಗಡಿಯಾರ ಎನ್‌ಟಿಪಿಗೆ (ನೆಟ್‌ವರ್ಕ್‌ನಲ್ಲಿ ಸಮಯ ಕೊಡುವ ಸರ್ವರ್) ಹೊಂದಿರಬೇಕು. 180 ದಿನದ್ದನ್ನೆಲ್ಲ 50 ಜಿಬಿ ಡಿಸ್ಕ್‌ನಲ್ಲಿ ಇಡೋಕಾಗಲ್ಲ, ಆರ್‌ಸಿಸ್‌ಲಾಗ್‌ನಿಂದ (ಲಾಗ್ ಸಾಗಿಸುವ ಲಿನಕ್ಸ್ ಸಾಧನ) ಬೇರೆ ಯಂತ್ರಕ್ಕೆ ಕಳಿಸ್ರಿ. ಡೇಟಾಬೇಸ್ ಆಡಿಟ್ ಲಾಗ್ (ಯಾರು ಏನು ಮಾಡಿದರು ಎಂಬ ದಾಖಲೆ) ಕೂಡ ಅಲ್ಲಿಗೇ ಹೋಗಲಿ, ಆದರೆ ಆ ಯಂತ್ರದಲ್ಲಿ ಅಳಿಸುವ ಅಧಿಕಾರ ನಿಮಗಿರಬಾರದು, ನೆಟ್‌ವರ್ಕ್‌ನವರ ಬಳಿ ಇರಲಿ. ಡೇಟಾಬೇಸ್, ಅಪ್ಲಿಕೇಶನ್, ಲಾಗ್ ಮೂರೂ ಒಬ್ಬರ ಕೈಯಲ್ಲಿದ್ದರೆ ನಾಳೆ ತೂಕದ ದಾಖಲೆ ಬಗ್ಗೆ ತಕರಾರು ಬಂದಾಗ ಆ ಲಾಗ್‌ಗೆ ಸಾಕ್ಷಿಯ ಬೆಲೆ ಇರಲ್ಲ. ಟಾಮ್‌ಕ್ಯಾಟ್ ಓಡಿಸಲು ಬೇರೆ ಯೂಸರ್ ಮಾಡ್ರಿ, ‘ಒರಾಕಲ್’ ಯೂಸರ್‌ನಿಂದ ಬೇಡ. ಈ ಹಂಚಿಕೆಯನ್ನೆಲ್ಲ ಮ್ಯಾನೇಜರ್‌ಗೆ ಮೇಲ್ ಮಾಡಿ, ಅವರಿಂದ ಒಪ್ಪಿಗೆ ಬಂದ ಮೇಲೆಯೇ ಟಾಮ್‌ಕ್ಯಾಟ್ ಸರ್ವರ್‌ಗಳ ರೂಟ್ ಪಾಸ್‌ವರ್ಡ್ ಕಾಯಂ ಆಗಿ ನಿಮ್ಮ ಬಳಿ ಇಟ್ಟುಕೊಳ್ರಿ.