ಡೆಬಿಯನ್ 12: ಲ್ಯಾಪ್‌ಟಾಪಿನಲ್ಲಿ ‘ಡಮ್ಮಿ ಔಟ್‌ಪುಟ್’ ಮಾತ್ರ ತೋರಿಸುತ್ತಿದೆ, ಸ್ಪೀಕರ್ ಇಲ್ಲ, ಮೈಕ್ ಇಲ್ಲ (ಬಗೆಹರಿದಿದೆ)

ಶಿವಮೊಗ್ಗದಿಂದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಹೈಸ್ಕೂಲು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಟ್ಯೂಷನ್ ಮಾಡುತ್ತೇನೆ. ಲ್ಯಾಪ್‌ಟಾಪ್ ಇಂಟೆಲ್ 11ನೇ ಜನರೇಷನ್ ಐ5. ನಮ್ಮ ಸಂಬಂಧಿಕರ ಹುಡುಗ ವಿಂಡೋಸ್ ತೆಗೆದು ಡೆಬಿಯನ್ 12 ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಡೆಸ್ಕ್‌ಟಾಪ್ ಗ್ನೋಮ್. ಪೂರ್ತಿ ಮುಕ್ತ ತಂತ್ರಾಂಶವೇ ಇರಲಿ ಅಂತ ಅವನು ಬೇರೇನೂ ಸೇರಿಸಿಲ್ಲವಂತೆ.

ಕ್ಯಾಮೆರಾ, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ ಎಲ್ಲ ಸರಿಯಾಗಿವೆ. ಸೌಂಡ್ ಮಾತ್ರ ಇಲ್ಲವೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ತೆರೆದರೆ ‘ಡಮ್ಮಿ ಔಟ್‌ಪುಟ್’ ಅಂತ ಒಂದೇ ಇದೆ. ಇನ್‌ಪುಟ್ ಕಡೆ ಖಾಲಿ. ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಕೊಟ್ಟರೆ ಚಿತ್ರ ಬರುತ್ತದೆ, ಅಲ್ಲೂ ಸದ್ದಿಲ್ಲ. ವೈಫೈ ಕೂಡ ಬರುತ್ತಿಲ್ಲ, ಸದ್ಯಕ್ಕೆ ಮೊಬೈಲಿನಿಂದ ಯುಎಸ್‌ಬಿ ಟೆದರಿಂಗ್ ಮಾಡಿಕೊಂಡಿದ್ದೇನೆ. ಅದನ್ನು ಆಮೇಲೆ ನೋಡೋಣ, ಮೊದಲು ಸೌಂಡ್ ಬೇಕು. ಪರೀಕ್ಷೆ ಹತ್ತಿರ ಬಂದಿದೆ. ದಯವಿಟ್ಟು ಸಹಾಯ ಮಾಡಿ.

ಹುಬ್ಬಳ್ಳಿಯಿಂದ

ಮೇಡಂ, ಇದು ಜಾಸ್ತಿ ಜನಕ್ಕೆ ಆಗುವ ತೊಂದರೆ. /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಆಲ್ಸಾ-ಬೇಸ್.ಕಾನ್ಫ್ ಅಂತ ಒಂದು ಫೈಲ್ ಮಾಡಿ. ಅದರೊಳಗೆ ಈ ಒಂದು ಸಾಲು ಹಾಕಿ: ಆಪ್ಷನ್ಸ್ ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ ಡಿಎಸ್‌ಪಿ_ಡ್ರೈವರ್=1. ರೀಸ್ಟಾರ್ಟ್ ಮಾಡಿ. ನನ್ನ ಮಷೀನಿನಲ್ಲಿ ಇದರಿಂದಲೇ ಸರಿಹೋಯಿತು.

ಶಿವಮೊಗ್ಗದಿಂದ

ತುಂಬಾ ಥ್ಯಾಂಕ್ಸ್ ಸರ್. ಸ್ಪೀಕರ್ ಬಂತು! ಟಿವಿಯಲ್ಲೂ ಸದ್ದು ಬರುತ್ತಿದೆ. ಆದರೆ ಲ್ಯಾಪ್‌ಟಾಪಿನ ಒಳಗಿನ ಮೈಕ್ ಕಾಣಿಸುತ್ತಿಲ್ಲ. ಇಯರ್‌ಫೋನ್ ಚುಚ್ಚಿದರೆ ಅದರ ಮೈಕ್ ಬರುತ್ತದೆ. ಕ್ಲಾಸಿನ ಹೊತ್ತಿಗೆ ನಾನು ಬೋರ್ಡಿನ ಹತ್ತಿರ ನಿಂತು ಬರೆಯಬೇಕು, ವೈರ್ ಕಟ್ಟಿಕೊಂಡು ಆಗುವುದಿಲ್ಲ. ಮೈಕಿಗೆ ಬೇರೆ ಡ್ರೈವರ್ ಇದೆಯಾ?

ಮೈಸೂರಿನಿಂದ

ಮೇಡಂ, ಬೇರೆ ಡ್ರೈವರ್ ಹುಡುಕಬೇಡಿ. ಮೇಲಿನ ಸಾಲು ಹಾಕಿದ್ದಕ್ಕೇ ಮೈಕ್ ಕಾಣದಂತಾಗಿದೆ. ಹುಬ್ಬಳ್ಳಿಯ ಸರ್ ಹೇಳಿದ್ದು ಸುಳ್ಳಲ್ಲ. ಅವರ ಮಷೀನಿನ ಮೈಕ್ ಹಳೇ ಥರದ್ದಿರಬೇಕು, ಅದಕ್ಕೇ ಅಲ್ಲಿ ನಡೆಯಿತು.

ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಮೈಕಿನ ವೈರ್ ಆಡಿಯೋ ಕೋಡೆಕ್ ಚಿಪ್‌ಗೆ (ಸದ್ದನ್ನು ಡಿಜಿಟಲ್‌ಗೂ ಡಿಜಿಟಲ್ಲನ್ನು ಸದ್ದಿಗೂ ಬದಲಿಸುವ ಚಿಪ್) ಹೋಗುತ್ತಿತ್ತು. ಸ್ಪೀಕರ್, ಇಯರ್‌ಫೋನ್ ಜ್ಯಾಕ್ ಕೂಡ ಅದೇ ಚಿಪ್‌ಗೆ. ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಎಂಬ ಒಂದೇ ಡ್ರೈವರ್ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಈಗಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನಿನ ಮೇಲಂಚಿನಲ್ಲಿ, ಕ್ಯಾಮೆರಾದ ಅಕ್ಕಪಕ್ಕ, ಸೂಜಿ ಚುಚ್ಚಿದಂಥ ಎರಡು ತೂತು ಇರುತ್ತವಲ್ಲ, ಅವು ಸಾಮಾನ್ಯವಾಗಿ ಡಿಜಿಟಲ್ ಮೈಕ್‌ಗಳು. ಅವು ಕೋಡೆಕ್‌ಗೆ ಹೋಗುವುದೇ ಇಲ್ಲ. ನೇರವಾಗಿ ಇಂಟೆಲ್ ಚಿಪ್‌ನೊಳಗಿನ ಡಿಎಸ್‌ಪಿಗೆ, ಅಂದರೆ ಸೌಂಡಿಗೆಂದೇ ಇಟ್ಟಿರುವ ಸಣ್ಣ ಪ್ರೊಸೆಸರ್‌ಗೆ, ಹೋಗುತ್ತವೆ. ಡಿಎಸ್‌ಪಿ_ಡ್ರೈವರ್=1 ಅಂದರೆ ‘ಡಿಎಸ್‌ಪಿ ಬಿಡು, ಹಳೇ ದಾರಿಯಲ್ಲೇ ಹೋಗು’ ಅಂತ. ಹಳೇ ದಾರಿಯಲ್ಲಿ ಸ್ಪೀಕರ್ ಸಿಗುತ್ತದೆ, ಮೈಕ್ ಸಿಗುವುದಿಲ್ಲ.

ನಿಮಗೆ ಬೇಕಾಗಿರುವುದು ಎಸ್‌ಒಎಫ್, ಅಂದರೆ ಸೌಂಡ್ ಓಪನ್ ಫರ್ಮ್‌ವೇರ್. 2018ರಲ್ಲಿ ಲಿನಕ್ಸ್ ಫೌಂಡೇಷನ್ ಕೆಳಗೆ ಶುರುವಾದ ಯೋಜನೆ ಇದು. ಡ್ರೈವರ್ ನಿಮ್ಮ ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಆಗಲೇ ಇದೆ. ಆದರೆ ಡಿಎಸ್‌ಪಿಯೊಳಗೆ ತುಂಬಬೇಕಾದ ಫರ್ಮ್‌ವೇರ್ (ಆ ಚಿಪ್ ಓಡಿಸುವ ತಂತ್ರಾಂಶ) ಫೈಲ್ ಬೇರೆ ಪ್ಯಾಕೇಜಿನಲ್ಲಿ ಬರುತ್ತದೆ. ಅದೇ ಇಲ್ಲ ಅಂತ ನನಗೆ ಅನುಮಾನ. ಅನುಮಾನದ ಮೇಲೆ ಕೆಲಸ ಮಾಡುವುದು ಬೇಡ, ಲಾಗ್ ನೋಡೋಣ. ಮೊದಲು ಆ ಆಲ್ಸಾ-ಬೇಸ್.ಕಾನ್ಫ್ ಫೈಲ್ ಅಳಿಸಿ. ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ. ಟರ್ಮಿನಲ್‌ನಲ್ಲಿ ಹೀಗೆ ಕೊಡಿ: ಸುಡೋ ಡಿಮೆಸೇಜ್ | ಗ್ರೆಪ್ -ಐ ಎಸ್‌ಒಎಫ್. ಏನು ಬಂತೋ ಹಾಗೇ ಇಲ್ಲಿ ಹಾಕಿ.

ಶಿವಮೊಗ್ಗದಿಂದ

ಫೈಲ್ ಅಳಿಸಿದೆ, ಮತ್ತೆ ಡಮ್ಮಿ ಔಟ್‌ಪುಟ್ ಬಂತು. ಲಾಗ್‌ನಲ್ಲಿ ತುಂಬಾ ಸಾಲುಗಳಿವೆ. ಮುಖ್ಯ ಅನಿಸಿದ್ದು ಇವು:

ಡಿಜಿಟಲ್ ಮೈಕ್ಸ್ ಫೌಂಡ್ ಆನ್ ಸ್ಕೈಲೇಕ್+ ಪ್ಲಾಟ್‌ಫಾರ್ಮ್, ಯೂಸಿಂಗ್ ಎಸ್‌ಒಎಫ್ ಡ್ರೈವರ್
ಫರ್ಮ್‌ವೇರ್: ಫೇಲ್ಡ್ ಟು ಲೋಡ್ ಇಂಟೆಲ್/ಎಸ್‌ಒಎಫ್/ಎಸ್‌ಒಎಫ್-ಟಿಜಿಎಲ್.ಆರ್‌ಐ (-2)

ಮೈಸೂರಿನಿಂದ

ಸರಿಯಾದ ಸಾಲುಗಳನ್ನೇ ಹಾಕಿದ್ದೀರಿ. ಮೊದಲನೇ ಸಾಲಿನಲ್ಲಿ ಕರ್ನೆಲ್ ನಿಮ್ಮ ಡಿಜಿಟಲ್ ಮೈಕ್ ಕಂಡುಹಿಡಿದು ಎಸ್‌ಒಎಫ್ ಆರಿಸಿಕೊಂಡಿದೆ. ಎರಡನೇ ಸಾಲಿನಲ್ಲಿ ಫೈಲ್ ಸಿಗದೆ ಕೈಚೆಲ್ಲಿದೆ. ಆ -2 ಅಂದರೆ ‘ಅಂಥ ಫೈಲೇ ಇಲ್ಲ’ ಅಂತ. ಟಿಜಿಎಲ್ ಅಂದರೆ ಟೈಗರ್ ಲೇಕ್, ನಿಮ್ಮ 11ನೇ ಜನರೇಷನ್. ಫರ್ಮ್‌ವೇರ್ ಇಲ್ಲದೆ ಸೌಂಡ್ ಕಾರ್ಡೇ ಏಳುವುದಿಲ್ಲ. ಎಚ್‌ಡಿಎಂಐ ಸದ್ದೂ ಅದೇ ಕಂಟ್ರೋಲರ್ ಮೂಲಕ ಹೋಗುವುದರಿಂದ ಟಿವಿಯೂ ಮೂಕವಾಯಿತು. ಕಾರ್ಡ್ ಒಂದೂ ಇಲ್ಲದಾಗ ಪೈಪ್‌ವೈರ್ (ಆ್ಯಪ್‌ಗಳ ಸದ್ದನ್ನು ಕಾರ್ಡ್‌ಗೆ ತಲುಪಿಸುವ ತಂತ್ರಾಂಶ) ಸುಮ್ನೆ ಒಂದು ಡಮ್ಮಿ ತೋರಿಸುತ್ತದೆ.

ನೀವು ಆಮೇಲೆ ನೋಡೋಣ ಅಂದ ವೈಫೈ ಇದೆಯಲ್ಲ, ಅದಕ್ಕೂ ಇದೇ ಕಾರಣ ಇರಬೇಕು. ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್‌ಗಳನ್ನು ನಾನ್-ಫ್ರೀ-ಫರ್ಮ್‌ವೇರ್ ಎಂಬ ಬೇರೆ ವಿಭಾಗಕ್ಕೆ ಹಾಕಿದ್ದಾರೆ. 11ರವರೆಗೆ ಅವು ನಾನ್-ಫ್ರೀ ವಿಭಾಗದಲ್ಲೇ ಇದ್ದವು. 2023ರ ಜೂನ್‌ನಲ್ಲಿ ಬಂದ 12ರ ಇನ್‌ಸ್ಟಾಲರ್ ಬೇಕಾದ ಫರ್ಮ್‌ವೇರ್ ತಾನೇ ಹಾಕುತ್ತದೆ, ಆದರೆ ಬೇಡ ಅಂತ ಹೇಳಿ ಇನ್‌ಸ್ಟಾಲ್ ಮಾಡಲೂಬಹುದು. ನಿಮ್ಮ ಹುಡುಗ ಹಾಗೇ ಮಾಡಿರಬೇಕು. ಅವನ ಆಸೆ ತಪ್ಪಲ್ಲ. ಎಸ್‌ಒಎಫ್‌ನ ಸೋರ್ಸ್ ಕೋಡ್ ಕೂಡ ಮುಕ್ತವಾಗಿಯೇ ಇದೆ. ಆದರೆ ಮಾರುಕಟ್ಟೆಯ ಬಹುಪಾಲು ಇಂಟೆಲ್ ಲ್ಯಾಪ್‌ಟಾಪ್‌ಗಳ ಡಿಎಸ್‌ಪಿ, ಇಂಟೆಲ್ ಸಹಿ ಮಾಡಿದ ಫೈಲನ್ನು ಮಾತ್ರ ಒಳಗೆ ಬಿಡುತ್ತದೆ. ಪ್ಯಾಕೇಜಿನ ಹೆಸರಲ್ಲಿ ‘ಸೈನ್ಡ್’ ಇರುವುದು ಅದಕ್ಕೇ.

ಈಗ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ಫೈಲನ್ನು ಟರ್ಮಿನಲ್‌ನ ನ್ಯಾನೋ ಎಡಿಟರ್‌ನಲ್ಲಿ (ಸುಡೋ ನ್ಯಾನೋ) ತೆರೆಯಿರಿ. ‘ಮೈನ್’ ಅಂತ ಮುಗಿಯುವ ಸಾಲುಗಳಿರುತ್ತವೆ. ಪ್ರತಿ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ನಾನ್-ಫ್ರೀ-ಫರ್ಮ್‌ವೇರ್ ಸೇರಿಸಿ ಸೇವ್ ಮಾಡಿ. ಆಮೇಲೆ ಸುಡೋ ಆಪ್ಟ್ ಅಪ್‌ಡೇಟ್. ಅದು ಮುಗಿದ ಮೇಲೆ ಸುಡೋ ಆಪ್ಟ್ ಇನ್‌ಸ್ಟಾಲ್ ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್. ವೈಫೈ ಚಿಪ್ ಕೂಡ ಇಂಟೆಲ್‌ದೇ ಆಗಿದ್ದರೆ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ ಅಂತ ಇನ್ನೊಂದಿದೆ, ಅದನ್ನೂ ಹಾಕಿಬಿಡಿ. ಮತ್ತೆ ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿ.

ಮುಂದೆ ಓದುವವರಿಗೆ: ಇದೇ ಪ್ಯಾಕೇಜಿಗೆ ಬೇರೆ ಲಿನಕ್ಸ್ ಡಿಸ್ಟ್ರೋಗಳಲ್ಲಿ (ಡೆಬಿಯನ್‌ನಂಥ ಬೇರೆ ಆವೃತ್ತಿಗಳಲ್ಲಿ) ಹೆಸರು ಬೇರೆ, ಫೆಡೋರಾದಲ್ಲಿ ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್ ಅಂತಲೂ ಆರ್ಚ್‌ನಲ್ಲಿ ಎಸ್‌ಒಎಫ್-ಫರ್ಮ್‌ವೇರ್ ಅಂತಲೂ ಹೆಸರು. ಇವನ್ನು ನಿಮ್ಮ ಡಿಸ್ಟ್ರೋದಿಂದಲೇ ಹಾಕಿಕೊಳ್ಳಿ. ಎಲ್ಲಿಂದಲೋ ಇಳಿಸಿಕೊಂಡ ಫೈಲನ್ನು ಫೋಲ್ಡರಿಗೆ ತುರುಕಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ತಲೆನೋವು.

ಹುಬ್ಬಳ್ಳಿಯಿಂದ

ಒಳ್ಳೆ ವಿವರಣೆ ಸರ್. ನನ್ನದು 7ನೇ ಜನರೇಷನ್ ಲ್ಯಾಪ್‌ಟಾಪ್, ಅದಕ್ಕೇ ವ್ಯತ್ಯಾಸ ಗೊತ್ತಾಗಿರಲಿಲ್ಲ. ಮೇಡಂ, ಅವರು ಹೇಳಿದಂತೆ ಮಾಡಿ.

ಶಿವಮೊಗ್ಗದಿಂದ

ಸೌಂಡ್ ಬಂತು, ಮೈಕ್ ಬಂತು, ವೈಫೈ ಕೂಡ ಬಂತು! ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇನ್ನೊಂದೇ ಒಂದು. ರೆಕಾರ್ಡ್ ಮಾಡಿ ಕೇಳಿದರೆ ನನ್ನ ದನಿ ತೀರಾ ಸಣ್ಣಗಿದೆ. ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಪೂರ್ತಿ ಏರಿಸಿದ್ದೇನೆ. ಬೋರ್ಡಿನ ಹತ್ತಿರ ಹೋದರೆ ಮಕ್ಕಳಿಗೆ ಕೇಳಿಸುವುದಿಲ್ಲ.

ಮೈಸೂರಿನಿಂದ

ಸಂತೋಷ ಮೇಡಂ. ದನಿ ಏರಿಸಲು ಆಲ್ಸಾ-ಯುಟಿಲ್ಸ್ ಪ್ಯಾಕೇಜ್ ಬೇಕು. ಅದರಲ್ಲಿ ಆಲ್ಸಾಮಿಕ್ಸರ್ ಇದೆ, ಟರ್ಮಿನಲ್‌ನಿಂದ ತೆರೆಯಿರಿ. ತೆರೆದ ಕೂಡಲೇ ಕಾಣುವುದು ಪೈಪ್‌ವೈರ್‌ನ ಒಂದೆರಡು ಕಂಬಿ ಮಾತ್ರ, ಅದನ್ನು ಮುಟ್ಟಬೇಡಿ. ಎಫ್6 ಒತ್ತಿ ಎಸ್‌ಒಎಫ್-ಎಚ್‌ಡಿಎ-ಡಿಎಸ್‌ಪಿ ಕಾರ್ಡ್ ಆರಿಸಿ. ಎಫ್4 ಒತ್ತಿದರೆ ಕ್ಯಾಪ್ಚರ್ ಕಂಬಿಗಳು ಬರುತ್ತವೆ. ಅದರಲ್ಲಿ ‘ಡಿಮಿಕ್0’ ಅಂತ ಇರುವುದರ ಮೇಲೆ ನಿಂತು ಮೇಲಿನ ಬಾಣದ ಕೀ ಒತ್ತಿ. ಪೂರ್ತಿ ಏರಿಸಬೇಡಿ, ಫ್ಯಾನಿನ ಸದ್ದೆಲ್ಲ ಒಳಗೆ ಬರುತ್ತದೆ. ಸ್ವಲ್ಪ ಸ್ವಲ್ಪ ಏರಿಸಿ, ಬೋರ್ಡಿನ ಹತ್ತಿರ ನಿಂತು ಮಾತಾಡಿ ರೆಕಾರ್ಡ್ ಮಾಡಿ ನೋಡಿ. ಸರಿ ಅನಿಸಿದ ಮೇಲೆ ಸುಡೋ ಆಲ್ಸಾಸಿಟಿಎಲ್ ಸ್ಟೋರ್ ಕೊಟ್ಟರೆ ಆ ಮಟ್ಟ ಉಳಿದುಕೊಳ್ಳುತ್ತದೆ.

ಶಿವಮೊಗ್ಗದಿಂದ

ಮುಕ್ಕಾಲು ಭಾಗ ಏರಿಸಿದ್ದೇನೆ. ಕೋಣೆಯ ಆ ಕಡೆಯಿಂದ ಮಾತಾಡಿದರೂ ಸ್ಪಷ್ಟವಾಗಿ ಕೇಳಿಸುತ್ತಿದೆ. ಇವತ್ತು ಸಂಜೆಯ ಕ್ಲಾಸ್ ಇದರಲ್ಲೇ.

ಮಂಗಳೂರಿನಿಂದ

ಸರ್, ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಲ್ಯಾಪ್‌ಟಾಪಿನಲ್ಲಿ ಈ ಫರ್ಮ್‌ವೇರ್ ಇದೆ. ಕಾರ್ಡ್ ಕಾಣಿಸುತ್ತದೆ, ಇಯರ್‌ಫೋನ್ ಸರಿಯಾಗಿದೆ, ಸ್ಪೀಕರ್ ಮಾತ್ರ ಮೌನ. ವಾಲ್ಯೂಮ್ ಪಟ್ಟಿ ಓಡಾಡುತ್ತದೆ, ಸದ್ದಿಲ್ಲ. ನಾನೂ ಇದನ್ನೇ ಮಾಡಲಾ?

ಮೈಸೂರಿನಿಂದ

ಬೇಡ, ನಿಮ್ಮದು ಬೇರೆ. ಮೊದಲು ಆಲ್ಸಾಮಿಕ್ಸರ್‌ನಲ್ಲಿ ಸ್ಪೀಕರ್ ಕಂಬಿಯ ಕೆಳಗೆ ‘ಎಂಎಂ’ ಇದೆಯಾ ನೋಡಿ. ಇದ್ದರೆ ಮ್ಯೂಟ್ ಆಗಿದೆ ಅಂತ ಅರ್ಥ, ಎಂ ಕೀ ಒತ್ತಿದರೆ ‘ಓಓ’ ಆಗುತ್ತದೆ. ಅದು ಸರಿಯಿದ್ದೂ ಸದ್ದಿಲ್ಲ ಅಂದರೆ ಸ್ಪೀಕರಿನ ಹಿಂದೆ ಬೇರೆ ಆಂಪ್ಲಿಫೈಯರ್ ಚಿಪ್ ಇರಬಹುದು. ಸಿರಸ್ ಲಾಜಿಕ್‌ನ ಸಿಎಸ್35ಎಲ್41, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಎಸ್2781 ಇಂಥವು. ಇವನ್ನು ಎಬ್ಬಿಸುವ ಕೋಡ್ ಒಂದೊಂದು ಮಾಡೆಲಿಗೆ ಒಂದೊಂದಾಗಿ ಕರ್ನೆಲ್‌ಗೆ ಸೇರುತ್ತಿರುತ್ತದೆ. ಡೆಬಿಯನ್ 12ರ 6.1 ಕರ್ನೆಲ್‌ನಲ್ಲಿ ನಿಮ್ಮ ಮಾಡೆಲ್ ಇಲ್ಲದಿದ್ದರೂ ಬ್ಯಾಕ್‌ಪೋರ್ಟ್ಸ್‌ನ (ಡೆಬಿಯನ್ 12ಕ್ಕೆ ಹೊಸ ಪ್ಯಾಕೇಜ್‌ಗಳು ಸಿಗುವ ವಿಭಾಗ) ಹೊಸ ಕರ್ನೆಲ್‌ನಲ್ಲಿ ಇರಬಹುದು. ಹೊಸ ಫೆಡೋರಾ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿ. ಅದರಲ್ಲಿ ಸ್ಪೀಕರ್ ಮಾತಾಡಿದರೆ ಹೊಸ ಕರ್ನೆಲ್ ಹಾಕಿದರಾಯಿತು. ಇಲ್ಲದಿದ್ದರೆ ಸುಡೋ ಆಲ್ಸಾ-ಇನ್ಫೋ ಓಡಿಸಿ, ಅದು ಕೊಡುವ ವರದಿ ಮತ್ತು ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ನಂಬರ್ ಹಾಕಿ ಬೇರೆ ಪ್ರಶ್ನೆ ಕೇಳಿ. ನೋಡುತ್ತೇನೆ.